ಅಮ್ಮಾಜಮ್ಮನೂ ಅರಚುವ ಮೋಟರೂ

ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ, ಟೀ ಅಂಗಡಿಗೆ ಅಂಟಿಕೊಂಡಂತೆ 'ಬಚ್ಚಪ್ಪ ಮೋಟರ್ ವರ್ಕ್ಸ್' ಎಂಬ ಬೋರ್ಡಿದೆ. ಅಲ್ಲಿಗೆ ಹೊಸಬರು ಬಂದರೆ ಮೊದಲು ಒಳಗೆ ಇಣುಕುತ್ತಾರೆ, ಆಮೇಲೆ ಅಕ್ಕಪಕ್ಕ ನೋಡುತ್ತಾರೆ, ಕೊನೆಗೆ "ಮೆಕ್ಯಾನಿಕ್ ಇಲ್ವಾ?" ಅನ್ನುತ್ತಾರೆ. ಸೀರೆಯ ಮೇಲೆ ಗಂಡಸರ ಖಾಕಿ ಶರ್ಟು ತೊಟ್ಟು, ಪಂಪಿನೊಳಗೆ ಮೊಣಕೈವರೆಗೂ ಕೈ ಇಳಿಸಿ ಕೂತ ಐವತ್ತಾರು ವರ್ಷದ ಹೆಂಗಸು ತಲೆ ಎತ್ತದೆಯೇ, "ಅವ್ರೆ, ಏನಾಗ್ಬೇಕು ಏಳಿ" ಅನ್ನುತ್ತಾಳೆ. ಬಂದವರು ಮತ್ತೂ ಸುತ್ತ ನೋಡುತ್ತ ನಿಂತರೆ, "ಕಣ್ಣಾಸ್ಪತ್ರೆ ಆ ಕಡೆ ಐತೆ" ಎಂದು ಸ್ಪ್ಯಾನರ್‌ನಿಂದ ದಾರಿ ತೋರಿಸುತ್ತಾಳೆ. ಈಕೆ ಅಮ್ಮಾಜಮ್ಮ. ನನ್ನ ಬೋರ್‌ವೆಲ್ ಮೋಟರನ್ನು ಮೂರು ಸಲ ಬದುಕಿಸಿದವಳು, ನನ್ನನ್ನು ಮೂವತ್ತು ಸಲವಾದರೂ ಬೈದವಳು.

ಆಕೆಯ ಅಪ್ಪ ಬಚ್ಚಪ್ಪ ನಂದಿದುರ್ಗ ಚಿನ್ನದ ಗಣಿಯಲ್ಲಿ ಪಂಪ್ ನೋಡಿಕೊಳ್ಳುವ ಕೆಲಸದಲ್ಲಿದ್ದ. ನೆಲದಡಿಯ ನೀರನ್ನು ಹಗಲೂ ರಾತ್ರಿ ಮೇಲಕ್ಕೆ ಎತ್ತುತ್ತಲೇ ಇರಬೇಕಾದ ಜಾಗ ಅದು. ಪಾಳಿ ಮುಗಿಸಿ ಹೊರಡುವ ಮುಂಚೆ ಪಂಪಿನ ಮೈಮೇಲೆ ಅಂಗೈ ಇಟ್ಟು, ಮನಸ್ಸಿನಲ್ಲೇ ಹತ್ತು ಎಣಿಸಿ, ಬಿಸಿ ಎಷ್ಟಿದೆ ಎಂದು ಮುಂದಿನವನಿಗೆ ಹೇಳಿ ಬರುವುದು ಅವನ ರೂಢಿ. ಮಗಳಿಗೂ ಅದನ್ನೇ ಕಲಿಸಿದ. ಎರಡು ಸಾವಿರದ ಒಂದರಲ್ಲಿ ಗಣಿ ಮುಚ್ಚಿದಾಗ ಬಂಗಾರಪೇಟೆಗೆ ಬಂದು ಈ ಅಂಗಡಿ ತೆರೆದ. ಮಗಳು ಪಕ್ಕದಲ್ಲಿ ಕೂತು ಮೋಟರಿಗೆ ತಂತಿ ಸುತ್ತುವುದನ್ನು ಕಲಿತಳು.

ನಡುವೆ ಮುಳಬಾಗಿಲಿನ ಕಡೆಗೆ ಕೊಟ್ಟು ಮದುವೆಯನ್ನೂ ಮಾಡಿದ್ದರು. ಗಂಡ ಏನಾದ ಎಂದು ಯಾರಾದರೂ ಕೆದಕಿದರೆ, "ಅಂಗಡಿ ಬಿಡು ಅಂದ. ನಾನು ಅವನ್ನ ಬಿಟ್ಟೆ" ಅಂದು ಮಾತು ಮುಗಿಸುತ್ತಾಳೆ. ಅಪ್ಪ ಸತ್ತ ಮೂರನೆಯ ದಿನವೇ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ರಿಪೇರಿಗೆ ಬಿಟ್ಟಿದ್ದ ಮೋಟರುಗಳನ್ನು ವಾಪಸ್ ಕೇಳತೊಡಗಿದರಂತೆ. ಹೆಂಗಸು ಏನು ಮಾಡಿಯಾಳು ಎಂಬ ಅನುಮಾನ. ಒಂದು ದಿನ ತಡೆಯಿರಿ ಎಂದವಳು ಮರುದಿನ ಒಂಬತ್ತು ಮೋಟರುಗಳನ್ನು ರಸ್ತೆ ಬದಿಗೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಕರೆಂಟು ಕೊಟ್ಟು ಓಡಿಸಿ ತೋರಿಸಿದಳು. ಅಂದಿನಿಂದ ಇಂದಿನವರೆಗೆ ನಂದಿದುರ್ಗದ ಗಣಿ ಕಾರ್ಮಿಕರ ಲೈನ್ ಮನೆಯಿಂದ ಬೆಳಗಿನ ರೈಲಿಗೆ ಬಂದು ಅಂಗಡಿ ಬಾಗಿಲು ತೆಗೆಯುತ್ತಾಳೆ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಕೆಲಸ ಕೆಡಿಸಿಲ್ಲ ಎಂಬ ಹೆಸರು ಆಕೆಯದು. ಅವಳು ಒಂದು ಸಲವಾದರೂ ಎಡವಲಿ ಎಂದು ಕಾಯುತ್ತಿದ್ದ ಗಂಡಸರು ಊರಲ್ಲಿ ಕಡಿಮೆಯಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

ಇನ್ನು ನಮ್ಮೂರಿನ ಒಂದು ದೋಣಿಯ ಕಥೆ. ನಮ್ಮ ಮಾವಿನಕುಂಟೆ ಕೆರೆ ಬಹಳ ಕಾಲ ಒಣಗಿ ಬಿದ್ದಿತ್ತು. ಮಕ್ಕಳು ಅದರ ನಡುವೆ ಕ್ರಿಕೆಟ್ ಆಡುತ್ತಿದ್ದರು. ಆಮೇಲೆ ನಗರದ ಕೊಳಚೆಯನ್ನು ಶುದ್ಧ ಮಾಡಿ ಕಳಿಸಿದ ನೀರು ಪೈಪಿನಲ್ಲಿ ಬಂದು ಕೆರೆ ತುಂಬಿತು, ಮೀನು ಬಿಟ್ಟರು, ಮೀನುಗಾರರ ಸಂಘವಾಯಿತು. ಕೈಬರಹ ಚೆನ್ನಾಗಿದೆ ಎಂಬ ಒಂದೇ ಅಪರಾಧಕ್ಕೆ ನಿವೃತ್ತ ಮೇಷ್ಟ್ರಾದ ನನ್ನನ್ನು ಕಾರ್ಯದರ್ಶಿ ಮಾಡಿದರು. ಹೋದ ವರ್ಷ ಸರ್ಕಾರದಿಂದ ಒಂದು ಫೈಬರ್ ದೋಣಿಯೂ ಅದರ ಹಿಂಬದಿಗೆ ಸಿಕ್ಕಿಸುವ ಮೋಟರೂ ಬಂದವು. ವಾರವಿಡೀ ಬಲೆ ಎಳೆಯುವುದು, ಭಾನುವಾರ ನೋಡಲು ಬಂದವರನ್ನು ಕೂರಿಸಿ ಒಂದು ಸುತ್ತು ಹಾಕಿಸುವುದು ಅದರ ಕೆಲಸ.

ಮೋಟರು ಓಡಿಸಲು ಕಲಿಸುವ ಮೂರು ದಿನದ ತರಬೇತಿಗೆ ಯಾರು ಹೋಗುತ್ತೀರಿ ಎಂದಾಗ ಗಂಡಸರೆಲ್ಲ ಕೂಲಿ ಹೋಗುತ್ತದೆ ಎಂದು ತಲೆ ತಗ್ಗಿಸಿದರು. ಸಂಘವಾದ ದಿನದಿಂದ ದಡದಲ್ಲಿ ನಿಂತು ಬಲೆ ಎಳೆದು, ಮೀನು ಬೇರ್ಪಡಿಸಿ, ಬುಟ್ಟಿ ಹೊತ್ತ ರಾಧ "ನಾನೋಗ್ತೀನಿ" ಅಂದಳು. ಹೋದಳು, ಕಲಿತು ಬಂದಳು. ದೋಣಿ ಓಡುವುದನ್ನು ಕಂಡ ಮೇಲೆ ಅದೇ ಗಂಡಸರಿಗೆ ಆ ಕೆಲಸ ಹೆಂಗಸಿಗೆ ತಕ್ಕದ್ದಲ್ಲ ಎಂದು ಜ್ಞಾನೋದಯವಾಯಿತು. ಎಲ್ಲರಿಗಿಂತ ಮುಂಚೆ ಆದದ್ದು ನಮ್ಮ ಅಧ್ಯಕ್ಷ ಜಯರಾಮಪ್ಪನಿಗೆ. ಅವನಿಗೆ ಕಾಂತರಾಜ್ ಎಂಬ ಬಾಮೈದ ಇದ್ದ. ಬಾಮೈದನಿಗೆ ಕೆಲಸ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ರಾಧ ಆರು ಜನರನ್ನು ಕೂರಿಸಿಕೊಂಡು ಕೆರೆಯ ನಡುವೆ ಇದ್ದಾಗ ಮೋಟರು ಇದ್ದಕ್ಕಿದ್ದಂತೆ ಕಿರ್ರೋ ಎಂದು ಅರಚತೊಡಗಿತು. ಒಳಗೆ ಬಿಸಿ ಮಿತಿ ಮೀರಿದರೆ ಎಚ್ಚರಿಸಲಿಕ್ಕೆಂದೇ ಇಟ್ಟ ಅಲಾರಂ ಅದು. ರಾಧ ಆ ಕ್ಷಣವೇ ಮೋಟರು ನಿಲ್ಲಿಸಿ, ಹುಟ್ಟು ಹಾಕಿಕೊಂಡು ಮುಕ್ಕಾಲು ಗಂಟೆಯಲ್ಲಿ ದಡಕ್ಕೆ ತಂದಳು. ಅಂಗೈ ಬೊಬ್ಬೆ ಎದ್ದಿತ್ತು.

"ಎಂಗಸ್ರ ಕೈಗೆ ಮಿಸಿನ್ನು ಕೊಟ್ರೆ ಇನ್ನೇನಾಯ್ತದೆ" ಅಂದ ಜಯರಾಮಪ್ಪ, ಎಲ್ಲರಿಗೂ ಕೇಳುವಂತೆ.

ಕಾಂತರಾಜ್ ಪಂಚೆ ಎತ್ತಿ ಕಟ್ಟಿ ದೋಣಿಗೆ ನೆಗೆದ. ಮೋಟರು ಶುರುವಾಯಿತು. ಐದು ನಿಮಿಷಕ್ಕೆ ಮತ್ತೆ ಅರಚಿತು. ಅವನು ಅದನ್ನು ಲೆಕ್ಕಕ್ಕೇ ಇಡದೆ ಅರ್ಧ ಕೆರೆ ಸುತ್ತಿ, ಸುಟ್ಟ ವಾಸನೆ ಹೊತ್ತು ತಂದು ದಡಕ್ಕೆ ಮುಟ್ಟಿಸಿದ. "ನೋಡಿ ಬಾವಾ, ಚೆನ್ನಾಗೇ ಓಡ್ತೈತೆ. ಒಂದು ಪೀಪಿ ಊದ್ತೈತೆ ಅಷ್ಟೆ, ವೈರ್ ಕಿತ್ತಾಕಿದ್ರೆ ಆಯ್ತು" ಅಂದ. ಮುಂದಿನ ಭಾನುವಾರ ಸಭೆ ಕರೆದು ದೋಣಿಯನ್ನು ಕಾಂತರಾಜನಿಗೆ ವಹಿಸುವುದೆಂದು ಜಯರಾಮಪ್ಪ ಅಲ್ಲೇ ಸಾರಿದ.

ಸಂಜೆ ರಾಧ ನಮ್ಮ ಮನೆ ಜಗಲಿಗೆ ಬಂದು ಕೂತಳು. "ಮೇಷ್ಟ್ರೇ, ನಾನು ಮೋಟರು ಕೆಡ್ಸಿಲ್ಲ. ನನ್ನ ಮತ್ತೆ ಬುಟ್ಟಿ ಒರೋಕೆ ಆಕ್ಬೇಡಿ" ಅಂದಳು. ಅಷ್ಟೇ ಅಂದದ್ದು. ನನಗೆ ಸಿಟ್ಟು ಬಂತು. ಸೋಮವಾರ ಬೆಳಗ್ಗೆಯೇ ಅವಳನ್ನು ಕರೆದುಕೊಂಡು ಅಮ್ಮಾಜಮ್ಮನ ಅಂಗಡಿಗೆ ಹೋದೆ. ಅವರಿಬ್ಬರಿಗೆ ಮುಂಚಿನಿಂದ ಪರಿಚಯವಿತ್ತು. ಕೆರೆಯಲ್ಲಿ ಓಡಿದ ಮೋಟರನ್ನು ವಾರಕ್ಕೊಮ್ಮೆ ಒಳ್ಳೆ ನೀರಿನ ಡ್ರಮ್ಮಿನಲ್ಲಿ ಓಡಿಸಿ, ಒಳಗಿನ ಕೊಳೆ ತೊಳೆಯಬೇಕೆಂದು ರಾಧಳಿಗೆ ಹೇಳಿಕೊಟ್ಟವಳೇ ಅಮ್ಮಾಜಮ್ಮ.

ಅಂದೇ ಮಧ್ಯಾಹ್ನ ಆಕೆ ಕೆರೆಗೆ ಬಂದಳು. ಜಯರಾಮಪ್ಪ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

"ಬಾ ಅಮ್ಮಾಜಕ್ಕ. ಜಾಸ್ತಿ ತಲೆ ಕೆಡ್ಸ್ಕೋಬೇಡ. ಆ ಪೀಪಿ ವೈರ್ ಒಂದು ಕಟ್ ಮಾಡ್ಬುಡು."

"ನಿಮ್ಮ ಮೊಮ್ಮಗ ಜ್ವರ ಬಂದು ಅತ್ರೆ ಬಾಯಿಗೆ ಬಟ್ಟೆ ತುರುಕ್ತೀರಾ, ಅಧ್ಯಕ್ಷರೇ?"

ಜಯರಾಮಪ್ಪ ಕೆಮ್ಮಿದ. ಅಮ್ಮಾಜಮ್ಮ ಚಪ್ಪಲಿ ಬಿಟ್ಟು ನೀರಿಗೆ ಇಳಿದಳು.

"ನಮ್ಮಪ್ಪ ಏಳ್ತಿದ್ದ, ಗಣಿಯಾಗೆ ಕೆಳಗಿರೋನು ಗಂಟೆ ಬಾರ್ಸಿದ್ರೆ ಮೇಲಿರೋನು ಬಾಯಿ ಮುಚ್ಕೊಂಡು ಕೇಳ್ಬೇಕು ಅಂತ. ಸದ್ದು ಬ್ಯಾಡ ಅನ್ನೋ ಅಧಿಕಾರ ಅವನಿಗಿಲ್ಲ. ಇಲ್ಲಿ ಕೆಳಗಿರೋದು ಈ ಮೋಟರು" ಅನ್ನುತ್ತ ಕೆಲಸ ಶುರು ಮಾಡಿದಳು.

ಇಂಥ ಮೋಟರನ್ನು ಆಕೆ ಬಿಚ್ಚಿ ನೋಡಿದ್ದು ಅದೇ ಮೊದಲು. ಆದರೆ ನೀರು ಎಳೆಯುವ ಯಂತ್ರ ಯಾವುದಾದರೇನು. ಈ ಮೋಟರು ಕೆರೆಯ ನೀರನ್ನೇ ಒಳಗೆಳೆದು, ತನ್ನ ಬಿಸಿಯನ್ನು ಅದಕ್ಕೆ ಕೊಟ್ಟು ಹೊರಗೆ ಬಿಡುತ್ತದೆ. ಮೊದಲು ನೀರು ಒಳಹೋಗುವ ಜಾಲರಿ ನೋಡಿದಳು. ಪಾಚಿ, ಒಂದು ಗುಟ್ಕಾ ಚೀಟಿ. ತೆಗೆದು ಓಡಿಸಿದಳು. ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಅದು ಮುದುಕನ ಜೊಲ್ಲಿನಂತೆ ತೊಟ್ಟಿಕ್ಕುತ್ತಿತ್ತು. ತೂತಿಗೆ ತಂತಿ ಹಾಕಿ ಕೆದಕಿದಳು. ಏನೂ ಬದಲಾಗಲಿಲ್ಲ. ಮೇಲಿನ ಮುಚ್ಚಳ ತೆಗೆದು ಅಂಗೈ ಇಟ್ಟಳು, ಮೂರು ಎಣಿಸುವಷ್ಟರಲ್ಲಿ ಕೈ ಕಿತ್ತುಕೊಂಡಳು. ಮತ್ತೆ ಅಲಾರಂ ಅರಚಿತು.

"ಸುಳ್ಳೇಳ್ತಿಲ್ಲ ಇದು. ನಿಜವಾಗ್ಲೂ ಬೇಯ್ತೈತೆ" ಅಂದಳು.

ಮೋಟರು ಲಗೇಜ್ ಆಟೋದಲ್ಲಿ ಅಂಗಡಿಗೆ ಬಂತು. ಬಿಸಿ ಏರಿದಾಗ ತಾನಾಗಿ ತೆರೆದು ನೀರು ಬಿಡುವ ಥರ್ಮೋಸ್ಟಾಟ್ ಎಂಬ ಪುಟ್ಟ ಭಾಗವನ್ನು ಬಿಚ್ಚಿ, ದಾರ ಕಟ್ಟಿ, ಟೀ ಅಂಗಡಿಯವನ ಕುದಿಯುವ ನೀರಿಗೆ ಇಳಿಬಿಟ್ಟಳು. ಅವನು ಲಬೋ ಲಬೋ ಎಂದು ಬಾಯಿ ಬಡಿದುಕೊಂಡ. ಥರ್ಮೋಸ್ಟಾಟ್ ಸರಿಯಾಗಿಯೇ ಬಾಯಿ ತೆರೆಯಿತು. "ಇದರದ್ದೇನೂ ತಪ್ಪಿಲ್ಲ. ನಿನ್ ಟೀಗೂ ಏನಾಗಲ್ಲ, ಮೊದ್ಲೇ ಅದು ಅಂಗೇ ಐತೆ" ಎಂದು ಅವನನ್ನು ಸಮಾಧಾನ ಮಾಡಿದಳು.

ಕೊನೆಗೆ ಉಳಿದದ್ದು ನೀರಿನಲ್ಲಿ ಮುಳುಗಿರುವ, ಮೋಟರಿನ ಕಾಲಿನ ಭಾಗ. ಅದರೊಳಗೆ ನೀರನ್ನು ಮೇಲೆ ತಳ್ಳುವ ಇಂಪೆಲ್ಲರ್ ಎಂಬ ರಬ್ಬರಿನ ಚಕ್ರ ಇರುತ್ತದೆ. ಬಿಚ್ಚಿ ನೋಡಿದರೆ ಅದರ ರೆಕ್ಕೆಗಳ ಅಂಚು ಇಲಿ ತಿಂದಂತೆ ಸವೆದಿತ್ತು, ಸುತ್ತಿನ ಲೋಹದ ಬಟ್ಟಲಿನ ತುಂಬ ಗೀರು. ಮೂಲೆಯಲ್ಲಿ ಬೂದು ಬಣ್ಣದ ನುಣ್ಣನೆ ಕೆಸರು ಮೆತ್ತಿಕೊಂಡಿತ್ತು. ಅಮ್ಮಾಜಮ್ಮ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು. ಉಜ್ಜುತ್ತಲೇ ಇದ್ದಳು.

"ಕೆರೆ ಮಣ್ಣಾ?" ಅಂದೆ.

"ಕೆರೆ ಮಣ್ಣು ಜಾರ್ತೈತೆ ಮೇಷ್ಟ್ರೇ. ಇದು ಕೊರೀತೈತೆ. ಇದು ನಮ್ಮ ಸೈನೈಡ್ ದಿಬ್ಬದ್ದು."

ಗಣಿಯಿಂದ ಕಲ್ಲು ತೆಗೆದು, ಹಿಟ್ಟಿನಂತೆ ಅರೆದು, ಸೈನೈಡ್ ಹಾಕಿ ಚಿನ್ನ ಹಿಂಡಿಕೊಂಡ ಮೇಲೆ ಸುರಿದ ಬೂದು ದಿಬ್ಬಗಳು ನಮ್ಮ ಕಡೆಯವರಿಗೆ ಹೊಸದಲ್ಲ. ಆ ಮರಳು ಕೆರೆಯ ಮೋಟರಿನೊಳಗೆ ಹೇಗೆ ಬಂತು? ಆಕೆಯೇ ಹೇಳಿದಳು. ಅಂಗಡಿಯಲ್ಲಿ ಬೋರ್‌ವೆಲ್ ಪಂಪುಗಳನ್ನು ಪರೀಕ್ಷೆ ಮಾಡುವ ಡ್ರಮ್ಮು ಅಲುಗಾಡಬಾರದೆಂದು ತಳಕ್ಕೆ ದಿಬ್ಬದ ಮರಳು ತುಂಬುವುದು ಅವಳ ಅಪ್ಪನ ಕಾಲದ ಪದ್ಧತಿ. ಭಾರ ಜಾಸ್ತಿ, ಮನೆಯ ಹತ್ತಿರವೇ ಗುಡ್ಡದಷ್ಟು ಬಿದ್ದಿದೆ. ಮೋಟರು ಸಿಕ್ಕಿಸಿದರೆ ಕೆರೆ ದಡದ ಡ್ರಮ್ಮು ವಾಲುತ್ತದೆ ಎಂದು ರಾಧ ಹೇಳಿದಾಗ, ಅಮ್ಮಾಜಮ್ಮನೇ ಎರಡು ಮೂಟೆ ಮರಳು ತಂದು ತಳಕ್ಕೆ ಸುರಿದಿದ್ದಳು. ಬೋರ್‌ವೆಲ್ ಪಂಪು ಡ್ರಮ್ಮಿನಲ್ಲಿ ತೆಪ್ಪಗೆ ತೂಗುತ್ತದೆ. ಈ ಮೋಟರು ಹೊಗೆಯನ್ನು ನೀರಿನಡಿಯಲ್ಲೇ ಬಿಡುತ್ತದೆ. ಹೊಗೆ ಮರಳನ್ನು ಕಲಕಿತು, ಕಲಕಿದ ಮರಳನ್ನು ಮೋಟರು ವಾರ ವಾರವೂ ಕುಡಿಯಿತು. ತೊಳೆಯಲಿಕ್ಕೆಂದು ಮಾಡಿದ ಏರ್ಪಾಟೇ ಅದರ ಕರುಳು ತಿಂದಿತ್ತು.

ನಾನು ಎದ್ದು ಬಾಗಿಲ ಕಡೆ ಯಾರೂ ಇಲ್ಲವೆಂದು ನೋಡಿ ಬಂದೆ. "ಅಮ್ಮಾಜಮ್ಮ, ತಪ್ಪನ್ನ ಕೆರೆ ನೀರಿನ ಮೇಲೆ ಹಾಕಿಬಿಡೋಣ. ಕೊಳಚೆ ನೀರು, ಕೊರೆದುಹಾಕ್ತು ಅಂದ್ರೆ ಊರೆಲ್ಲ ನಂಬುತ್ತೆ. ರಾಧ ಉಳೀತಾಳೆ, ನಿಮ್ಮ ಹೆಸರೂ ಉಳಿಯುತ್ತೆ."

"ಮಕ್ಕಳಿಗೆ ಇದನ್ನೇ ಏಳ್ಕೊಟ್ರಾ ಮೂವತ್ತೈದು ವರ್ಸ?"

ಆಕೆ ಕೈ ಒರೆಸಿಕೊಂಡಳು.

"ನೀರು ಅಂತ ಸುಳ್ಳೇಳಿದ್ರೆ ಆ ಡ್ರಮ್ಮು ಅಂಗೇ ಇರ್ತೈತೆ. ಇನ್ನೊಂದು ಇಂಪೆಲ್ಲರ್ ಸಾಯ್ತೈತೆ. ಆವಾಗೂ ಬೈಸ್ಕೊಳ್ಳೋದು ಆ ಉಡುಗೀನೇ. ನಾನು ತಪ್ಪು ಮಾಡಿದೀನಿ, ಮಾಡಿದೀನಿ ಅಂತೀನಿ. ಕಾಯ್ತಾ ಅವ್ರಲ್ಲ ಇಪ್ಪತ್ತು ವರ್ಸದಿಂದ, ಕುಣೀಲಿ ಒಂದಿನ."

ಹೊಸ ಇಂಪೆಲ್ಲರನ್ನೂ ಬಟ್ಟಲನ್ನೂ ಮಂಗಳೂರಿನ ಅಂಗಡಿಯೊಂದರಿಂದ ಬಸ್ಸಿನ ಪಾರ್ಸಲ್‌ನಲ್ಲಿ ತರಿಸಿದಳು. ಒಳಗಿನ ನೀರಿನ ದಾರಿಗಳನ್ನೆಲ್ಲ ಊದಿ ತೊಳೆದಳು. ಶನಿವಾರದ ಹೊತ್ತಿಗೆ ಮೋಟರು ದೋಣಿಯ ಮೇಲಿತ್ತು. ಸಣ್ಣ ತೂತಿನಿಂದ ನೀರು ಒಂದು ಮಾರು ದೂರಕ್ಕೆ ಚಿಮ್ಮಿತು. ಮೋಟರಿನ ತಲೆಯ ಮೇಲೆ ಅಂಗೈ ಇಟ್ಟು ನಿಧಾನವಾಗಿ ಹತ್ತು ಎಣಿಸಿದಳು. ರಾಧಳ ಕೈಯನ್ನೂ ಹಿಡಿದು ಅಲ್ಲಿಟ್ಟು ಎಣಿಸಿದಳು.

ಭಾನುವಾರದ ಸಭೆ ಕೆರೆಯ ದಡದಲ್ಲೇ ಸೇರಿತು. ನಲವತ್ತು ಜನ ಇದ್ದರು. ಅಮ್ಮಾಜಮ್ಮ ಸಂಘದ ಸದಸ್ಯೆಯಲ್ಲ. ಆದರೂ ಎದ್ದು ನಿಂತಳು, ತಡೆಯುವ ಧೈರ್ಯ ಯಾರಿಗಿತ್ತು? ಸವೆದ ಇಂಪೆಲ್ಲರನ್ನು ಜಯರಾಮಪ್ಪನ ಮುಂದಿನ ಮೇಜಿನ ಮೇಲೆ ಇಟ್ಟಳು.

"ಇದನ್ನ ಕೆಡ್ಸಿದ್ದು ನಾನು. ಡ್ರಮ್ಮಿಗೆ ದಿಬ್ಬದ ಮರಳು ಆಕ್ಸಿದ್ದು ನಾನು. ರಾಧ ಅಲ್ಲ, ಕೆರೆ ನೀರಲ್ಲ. ಡ್ರಮ್ಮು ಖಾಲಿ ಮಾಡ್ಸಿ, ಸುತ್ತ ನಾಕು ಗೂಟ ನೆಟ್ಟು ನಿಲ್ಸಿದೀನಿ. ಆಡ್ಕೊಳ್ಳೋರು ಇವಾಗ್ಲೇ ಆಡ್ಕೊಳ್ಳಿ, ಇಲ್ಲೇ ನಿಂತಿದೀನಿ."

ಯಾರೂ ಆಡಿಕೊಳ್ಳಲಿಲ್ಲ. ಎದುರಿಗೆ ನಿಂತು ಕೇಳಿದರೆ ಆಡಿಕೊಳ್ಳುವುದು ಅಷ್ಟು ಸುಲಭವಲ್ಲ. ಜಯರಾಮಪ್ಪನೇ ಮೆಲ್ಲಗೆ ನಕ್ಕ.

"ಅಂದ್ರೆ ಇಬ್ರು ಎಂಗಸ್ರು ಸೇರಿ ಸಂಘದ ಮಿಸಿನ್ನು ಕೆಡ್ಸಿದ್ರಿ ಅಂತಾಯ್ತು. ಸರಿ ಬಿಡು, ಒಪ್ಕೊಂಡೆಯಲ್ಲ. ಇನ್ಮೇಲೆ ಕಾಂತರಾಜ ನೋಡ್ಕೊತಾನೆ."

"ಒಂದು ಸುತ್ತು ಬನ್ನಿ ಅಧ್ಯಕ್ಷರೇ" ಅಂದಳು ಅಮ್ಮಾಜಮ್ಮ. "ರಿಪೇರಿ ಸರಿಯಾಗೈತೋ ಇಲ್ವೋ ನೀವೇ ಕೂತು ನೋಡಿ. ಓಗ್ತಾ ರಾಧ ಓಡಿಸ್ಲಿ, ಬರ್ತಾ ನಿಮ್ಮ ಬಾಮೈದ ಓಡಿಸ್ಲಿ. ಮೇಷ್ಟ್ರೂ ಬರ್ಲಿ, ಬರೀಬೇಕಲ್ಲ."

ನಲವತ್ತು ಜನರ ಮುಂದೆ ಬರುವುದಿಲ್ಲ ಅನ್ನುವುದು ಅಧ್ಯಕ್ಷನಿಗೆ ಕಷ್ಟ. ಅವನಿಗೆ ಈಜು ಬಾರದು. ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟನ್ನು ಎರಡೆರಡು ಸಲ ಬಿಗಿದುಕೊಂಡು ನಡುವೆ ಕೂತ. ನಾನೂ ಅಮ್ಮಾಜಮ್ಮನೂ ಮುಂದುಗಡೆ. ಕಾಂತರಾಜ್ ಅಧ್ಯಕ್ಷನ ಪಕ್ಕ. ಹಿಂಬದಿಯಲ್ಲಿ ಮೋಟರಿನ ಹಿಡಿ ಹಿಡಿದು ರಾಧ.

ದೋಣಿ ಚೆನ್ನಾಗಿ ಓಡಿತು. ಕೆರೆಯ ಮುಕ್ಕಾಲು ಭಾಗ ದಾಟಿದಾಗ ನಾನು ಅಮ್ಮಾಜಮ್ಮನ ಮಡಿಲು ನೋಡಿದೆ. ಮನೆ ಬಾಗಿಲಿಗೆ ಹಾಕುವ ಕಾಲಿಂಗ್ ಬೆಲ್ಲಿನ ಬಟನ್ ಒಂದು ಸೆರಗಿನಡಿಯಲ್ಲಿ ಇತ್ತು. ಅದರಿಂದ ಹೊರಟ ವೈರು ಕಾಲಡಿಯ ಚಾಪೆಯ ಕೆಳಗೆ ಹರಿದು ಹಿಂದಿನ ಮೋಟರಿನ ಕಡೆ ಹೋಗಿತ್ತು. ನಾನು ಬಾಯಿ ತೆರೆಯುವ ಮುಂಚೆ ಆಕೆ ನನ್ನ ಕಾಲನ್ನು ತುಳಿದು ಬಟನ್ ಒತ್ತಿದಳು.

ಮೋಟರು ಅರಚಿತು. ಅರಚಿದ್ದು ನನ್ನ ಕಿವಿಗೆ ಬಿದ್ದದ್ದಷ್ಟೇ, ರಾಧಳ ಕೈ ಮೋಟರು ನಿಲ್ಲಿಸಿಯಾಗಿತ್ತು. "ಯಾರೂ ಎದ್ದೇಳ್ಬೇಡಿ, ಕೂತ್ಕಳಿ" ಅಂದು ಎಲ್ಲರ ಮುಖ ನೋಡಿದಳು. ಹಿಂದಕ್ಕೆ ಬಗ್ಗಿ ಜಾಲರಿ ನೋಡಿದಳು, ಹುಟ್ಟು ಕೈಗೆ ತೆಗೆದುಕೊಂಡಳು. ಇಷ್ಟೆಲ್ಲ ಆಗಿಯೂ ಮೋಟರು ಸರಿಹೋಗಿಲ್ಲವಲ್ಲ ಎಂದು ಅವಳಿಗೆ ಅಳು ಬಂದಿತ್ತು. ಆದರೂ ದೋಣಿ ಅಲುಗಾಡದಂತೆ ಹುಟ್ಟಿನಿಂದ ಹಿಡಿದು ನಿಲ್ಲಿಸಿದಳು.

"ನೋಡಿದ್ರಾ ಬಾವಾ, ರಿಪೇರಿಯಂತೆ ರಿಪೇರಿ!" ಎಂದು ಕಾಂತರಾಜ್ ಗಹಗಹಿಸಿದ.

"ಒಸಿ ಆರ್ಲಿ. ಆಮೇಲೆ ನೀನು ಕೂತ್ಕೋಪ್ಪ" ಅಂದಳು ಅಮ್ಮಾಜಮ್ಮ, ಬಲು ಸಾಧುವಾಗಿ.

ಹತ್ತು ನಿಮಿಷ ಬಿಟ್ಟು ಕಾಂತರಾಜ್ ಕೂತ. ಮೋಟರು ಶುರುವಾಯಿತು. ನೂರು ಮಾರು ಹೋಗಿರಬೇಕು, ಆಕೆ ಮತ್ತೆ ಬಟನ್ ಒತ್ತಿದಳು, ಒತ್ತಿಯೇ ಹಿಡಿದಳು. ಕಿರ್ರೋ ಎಂಬ ಸದ್ದು ಕೆರೆಯನ್ನೆಲ್ಲ ತುಂಬಿತು. ಕಾಂತರಾಜ್ ಹಿಂದಿರುಗಿಯೂ ನೋಡಲಿಲ್ಲ. "ಅದು ಅಂಗೇ ಅರಚ್ಕೊತೈತೆ, ನೀವು ಎದರ್ಬೇಡಿ" ಎಂದು ಕೂಗಿ ಹಿಡಿಯನ್ನು ಇನ್ನಷ್ಟು ತಿರುಗಿಸಿದ. ದೋಣಿಯ ಮೂತಿ ಮೇಲೆದ್ದಿತು.

"ಲೇ, ನಿಲ್ಸಲೇ!" ಅಂದ ಜಯರಾಮಪ್ಪ.

"ಏನಾಗಲ್ಲ ಬಾವಾ!"

"ನಿಲ್ಸೋ ಅಂದ್ರೆ! ಅದು ಒಡೆದೋದ್ರೆ ನನಗೆ ಈಜು ಬರಲ್ಲ ಕಣ್ಲಾ! ನೀನು ಬಿಡು, ರಾಧಾ, ನೀನು ಬಂದು ನಿಲ್ಸಮ್ಮ!"

ರಾಧ ಎದ್ದು, ಕಾಂತರಾಜನ ಕೈಯನ್ನು ಸರಿಸಿ, ಮೋಟರು ನಿಲ್ಲಿಸಿದಳು. ಅಮ್ಮಾಜಮ್ಮ ಬಟನ್ನಿನಿಂದ ಬೆರಳು ತೆಗೆದಳು. ಸದ್ದೂ ನಿಂತಿತು. ಆಮೇಲೆ ಆಕೆ ಸೆರಗು ಸರಿಸಿ, ಬಟನ್ನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಮಾಡಿದ್ದನ್ನು ಮುಚ್ಚಿಟ್ಟುಕೊಳ್ಳುವ ಜಾತಿಯವಳಲ್ಲ.

"ಮೋಟರು ತಣ್ಣಗೈತೆ ಅಧ್ಯಕ್ಷರೇ, ಕೈಯಿಟ್ಟು ನೋಡಿ. ಅರಚಿಸಿದ್ದು ನಾನು. ಇಬ್ರಿಗೂ ಒಂದೇ ಸದ್ದು ಕೊಟ್ಟೆ. ಓದ ಭಾನುವಾರ ಇವಳು ನಿಲ್ಸಿದ್ದಕ್ಕೆ ಮೋಟರು ಉಳೀತು. ಇವನು ಓಡ್ಸಿದ್ದಕ್ಕೆ ತಲೆ ಮ್ಯಾಲಿನ ಬಣ್ಣ ಸುಟ್ಟೈತೆ, ಇನ್ನೊಂದು ಸುತ್ತಾಗಿದ್ರೆ ಗುಜರಿಗೇ. ಇವಾಗ ಪ್ರಾಣಕ್ಕೆ ಬಂದಾಗ ನೀವು ಯಾರ ಎಸ್ರು ಕೂಗಿದ್ರಿ?"

ಜಯರಾಮಪ್ಪ ಜಾಕೆಟ್ಟಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು ನೀರನ್ನೇ ನೋಡುತ್ತಿದ್ದ. ರಾಧ ಮೋಟರು ಶುರು ಮಾಡಿದಳು. ದೋಣಿ ದಡ ಮುಟ್ಟಿತು. ಇಳಿದ ಮೇಲೆ ಅವನು ನನ್ನ ಕಡೆ ತಿರುಗಿ, "ರಾಧಾನೇ ಅಂತ ಬರ್ಕೊಳ್ರಿ ಮೇಷ್ಟ್ರೇ" ಅಂದು, ಸಭೆಯ ಕಡೆ ನೋಡದೆ ಸ್ಕೂಟರಿನತ್ತ ನಡೆದ.

ನಾನು ನಡವಳಿ ಪುಸ್ತಕ ತೆರೆದು, ದೋಣಿಯ ಹೊಣೆ ರಾಧಳದೇ ಎಂದು ನನ್ನ ಚೆಂದದ ಕೈಬರಹದಲ್ಲಿ ಬರೆದೆ. ಅಲಾರಂ ವೈರನ್ನು ಯಾರೂ ಮುಟ್ಟಕೂಡದು ಎಂದೂ ಬರೆದೆ. ಪುಸ್ತಕ ಮುಚ್ಚಬೇಕು, ಅಷ್ಟರಲ್ಲಿ ಗ್ರೀಸ್ ಮೆತ್ತಿದ ಕೈಯೊಂದು ಹಾಳೆಯ ಮೇಲೆ ಬಂತು.

"ಮರಳು ಆಕ್ಸಿದ್ದು ಅಮ್ಮಾಜಮ್ಮ ಅಂತ ಬರೀಲಿಲ್ಲ."

"ಅದು ಯಾಕೆ ಬಿಡಿ. ಆ ಸುದ್ದಿ ಯಾರಿಗೂ ಬೇಕಾಗಿಲ್ಲ ಈಗ."

"ನನಗೆ ಬೇಕು. ನಾಳೆ ಇನ್ನೊಬ್ಬ ಕಾರ್ಯದರ್ಶಿ ಬಂದು ಇದನ್ನೋದಿ, ಮೋಟರು ಯಾಕೆ ಕೆಟ್ಟಿತ್ತು ಅಂತ ಕೇಳಿದ್ರೆ, ಎದುರಿಗೆ ಈ ಉಡುಗಿ ಎಸ್ರು ಒಂದೇ ಇರ್ತೈತೆ. ಬರೀರಿ."

ಬರೆದೆ. ಆಕೆ ನನ್ನ ಪೆನ್ನು ಕಿತ್ತುಕೊಂಡು, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದು ಸಹಿ ಹಾಕಿದಳು.